ಮೈಲಾಂಜಿಯಲ್ಲ, ಕಾವಿ

ಗಂಡ ಪೋಕರ್ ಸತ್ತ ಮೂರನೆಯ ವಾರ ನೆಬೀಸ ಲೇತಿನ ಮೇಲೆ ಹೊದಿಸಿದ್ದ ಗೋಣಿ ತೆಗೆದಳು.

ಕೆದಂಬಾಡಿಯ ಅವರ ಮನೆಯ ಹಿಂಬದಿಯಲ್ಲಿ, ಅಡುಗೆಕೋಣೆಗೆ ತಾಗಿದ ಮಾಡಿನಡಿ ಅದು ನಿಂತಿತ್ತು. ಕಾಲಲ್ಲಿ ತುಳಿದು ತಿರುಗಿಸುವ, ಕಬ್ಬಿಣ ಕಡೆಯುವ ಯಂತ್ರ. ಯಾವ ಕಾಲದ್ದೋ, ಇಂಗ್ಲೆಂಡಿನದ್ದು. ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯವರು ಗುಜರಿಗೆ ಹಾಕಿದ್ದನ್ನು ಪೋಕರ್ ೧೯೬೧ರಲ್ಲಿ ಲಾರಿಯಲ್ಲಿ ತಂದಿದ್ದ. ಪುತ್ತೂರಿನ ಬಸ್ಸಿನ ಶೆಡ್ಡಿನಲ್ಲಿ ಹದಿನಾರು ವರ್ಷ ಬೇರೆಯವರ ಲೇತಿನ ಮುಂದೆ ನಿಂತವ. ತನ್ನದೇ ಒಂದು ಬೇಕು ಎಂಬುದು ಬಿಟ್ಟರೆ ಅವನಿಗೆ ದೊಡ್ಡ ಆಸೆ ಇರಲಿಲ್ಲ. ಮಕ್ಕಳಾಗಲಿಲ್ಲ. ಅದಕ್ಕೂ ಅವನು ಏನೂ ಹೇಳಿದವನಲ್ಲ.

ತುಕ್ಕು ತೆಗೆಯುವುದರಲ್ಲಿ ಒಂದು ಮಳೆಗಾಲ ಹೋಯಿತು. ಹಲ್ಲು ಮುರಿದ ಗಾಲಿಗೆ ಹಲ್ಲು ಕೂರಿಸುವುದರಲ್ಲಿ ಇನ್ನೊಂದು. ಕೊನೆಗೆ ಉಳಿದದ್ದು ಬೆಡ್ಡು. ಕಡೆಯುವ ಉಳಿಯನ್ನು ಹೊತ್ತು ಮುಂದೆ ಹಿಂದೆ ಜಾರುವ ಭಾಗಕ್ಕೆ ಹಳಿಯ ಹಾಗೆ ಇರುವ ಉದ್ದ ಕಬ್ಬಿಣ ಅದು. ಸವೆದು ಏರುತಗ್ಗಾಗಿತ್ತು. ಬೆಡ್ಡು ಸಮ ಇಲ್ಲದಿದ್ದರೆ ಕಡೆದ ಸಲಾಕೆ ಒಂದು ಬದಿ ದಪ್ಪ, ಒಂದು ಬದಿ ಸಪೂರ.

ಅದನ್ನು ಸಮ ಮಾಡುವುದು ಹೀಗೆ. ಒಂದೂವರೆ ಅಡಿಯ ಸಪಾಟು ಕಬ್ಬಿಣದ ಹಲಗೆಗೆ, ನೆಲಕ್ಕೆ ಹಾಕುವ ಕೆಂಪು ಕಾವಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಬೇಕು. ಹಲಗೆಯನ್ನು ಬೆಡ್ಡಿನ ಮೇಲೆ ಮಗುಚಿ ಉಜ್ಜಬೇಕು. ಎಲ್ಲಿ ಕೆಂಪು ಹತ್ತಿತೋ ಅಲ್ಲಿ ಉಬ್ಬು. ಹಳೆಯ ಅರದ ತುದಿ ಮಸೆದು ಮಾಡಿದ ಉಳಿಯಿಂದ ಅಷ್ಟನ್ನೇ ಕೆರೆಯಬೇಕು. ಒರೆಸಿ ಮತ್ತೆ ಸವರಬೇಕು. ಕೆಂಪು ಚುಕ್ಕೆ ಎಲ್ಲ ಕಡೆ ಒಂದೇ ಸಮ ಬಿದ್ದ ದಿನ ಕೆಲಸ ಮುಗಿಯಿತು.

ಕಾವಿ ಸವರುವುದು ಮೊದಲಿನಿಂದಲೂ ನೆಬೀಸಳೇ. ಪೋಕರ್ ಸವರಿದರೆ ದಪ್ಪ ಆಗುತ್ತಿತ್ತು.

"ದೋಸೆಕಲ್ಲಿಗೆ ಎಣ್ಣೆ ಹಾಕಿ ಗೊತ್ತಿದ್ದವರ ಕೆಲಸ ಇದು, ನೀನೇ ಮಾಡು" ಎಂದಿದ್ದ.

ಗಾಲಿಗಳ ಪೆಟ್ಟಿಗೆ ಇರುವ ತಲೆಯ ಬದಿಯಿಂದ ಕೆರೆಯಲು ಹಿಡಿದು ಅರ್ಧಕ್ಕೆ ಬಂದಿದ್ದ. ಅಷ್ಟರಲ್ಲಿ ಕಾಮಾಲೆ. ಒಂಬತ್ತು ದಿನದಲ್ಲಿ ಹೋದ.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಮನೆ ಬಿಟ್ಟು ಹೋಗುವಂತಿಲ್ಲ, ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಬಣ್ಣದ ಬಟ್ಟೆ, ಅತ್ತರು, ಮದುವೆಗೆ ಕೈ ಕೆಂಪಾಗಲು ಹಚ್ಚುವ ಮೈಲಾಂಜಿ, ಒಂದೂ ಇಲ್ಲ. ಅದು ಮುಗಿದ ಮೇಲೆ ನೆಬೀಸ ಈ ಮನೆ ಬಿಟ್ಟು ತಮ್ಮಲ್ಲಿಗೆ ಬಂದಿರುವುದು, ಲೇತು ಗುಜರಿಯ ಹಕೀಮನಿಗೆ ಮಾರುವುದು ಎಂದು ಗಂಡನ ಅಣ್ಣ ಮೂಸಕುಂಞಿ ಹೇಳಿಯಾಗಿತ್ತು. ಅವಳನ್ನು ಯಾರೂ ಕೇಳಲಿಲ್ಲ.

ಶೆಡ್ಡಿನಲ್ಲಿ ಪೋಕರನ ಜೊತೆಗಿದ್ದ ಬೋಜಪ್ಪ ತನ್ನ ಹೆಂಡತಿ ಕುಮುದಿನಿಯ ಕೈಲಿ ಮಾತು ಕಳಿಸಿದ್ದ.

"ನೆಬೀಸಕ್ಕ, ಅದು ನೇರ ಕಡೆಯುದಾದ್ರೆ ಇವರು ಶೆಡ್ಡು ಬಿಟ್ಟು ಇಲ್ಲಿಗೇ ಬರ್ತಾರಂತೆ. ನಿಮ್ಮ ಲೇತು, ಅವರ ಕೆಲಸ. ಬಂದದ್ರಲ್ಲಿ ಪಾಲು."

"ಕೆರೆಯುದು ಯಾರು?"

"ಅವರು ಈಗ ಬರುವ ಹಾಗಿಲ್ಲ ಅಲ್ವಾ? ಇದ್ದತ್ ಅಲ್ವಾ ನಿಮ್ಮದು."

ನೆಬೀಸಳಿಗೆ ಕೂರಲು ದಿನ ಬೇಕಾದಷ್ಟಿತ್ತು. ಕೂತು ಕೆರೆದಳು. ಮೊದಮೊದಲು ಉಳಿ ಜಾರಿ ಕೈ ಕೊಯ್ದಿತು. ಒಂದು ತಿಂಗಳಲ್ಲಿ ಕೈ ಹಿಡಿತಕ್ಕೆ ಬಂತು. ಅವನು ಬಿಟ್ಟಲ್ಲಿಂದ ಆಚೆ ತುದಿಯವರೆಗೆ ಅವಳ ಪಾಲು. ಅವನು ಕೆರೆದ ಕಡೆಗೆ ಅವಳು ಉಳಿ ತಾಗಿಸಲಿಲ್ಲ. ಮೀನಿನ ಪರೆಯ ಹಾಗೆ ಅವನ ಕೈಯ ಗುರುತು ಅಲ್ಲಿ ಒಂದರ ಪಕ್ಕ ಒಂದು ಬಿದ್ದಿತ್ತು.

ಮೂರನೆಯ ತಿಂಗಳಲ್ಲಿ ನೆರೆಮನೆಯ ಬೀಫಾತುಮ್ಮ ಉಪ್ಪು ಕೇಳಲು ಬಂದವಳು ಉಪ್ಪು ಕೊಟ್ಟ ಕೈ ನೋಡಿದಳು. ಉಗುರಿನ ಸಂದಿಯಿಂದ ಬೆರಳ ತುದಿಯವರೆಗೆ ಕೆಂಪು. ಬಾಯಿಗೆ ಕೈ ಇಟ್ಟುಕೊಂಡು ಹೋದಳು. ಇದ್ದತ್ ಕೂತವಳು ಮೈಲಾಂಜಿ ಹಚ್ಚಿದ್ದಾಳೆ ಎಂಬ ಸುದ್ದಿ ಸಂಜೆಯ ಅಸರ್ ನಮಾಜಿಗೆ ಮೊದಲೇ ಮಸೀದಿಯ ಅಂಗಳ ಮುಟ್ಟಿತು.

ಮೂಸಕುಂಞಿ ಹೆಂಡತಿ ಕದೀಜಮ್ಮನನ್ನು ಕರೆದುಕೊಂಡು ಬಂದು ಅಂಗಳದಲ್ಲಿ ನಿಂತ. ನೆಬೀಸ ಅವನನ್ನು ಕಾಕ, ಅಂದರೆ ಅಣ್ಣ, ಎಂದೂ ಕದೀಜಮ್ಮನನ್ನು ಇತ್ತ, ಅಂದರೆ ಅಕ್ಕ, ಎಂದೂ ಕರೆಯುತ್ತಿದ್ದಳು.

"ಎಂತ ನೆಬೀಸ, ನನ್ನ ತಮ್ಮನ ಮಣ್ಣು ಒಣಗ್ಲಿಲ್ಲ. ಯಾವ ಮದುವೆ ಉಂಟು ನಿನಗೆ?"

ನೆಬೀಸ ಬಾಗಿಲ ಹಿಂದಿನಿಂದಲೇ ಹೇಳಿದಳು. "ಕಾಕ, ಇತ್ತನನ್ನು ಒಳಗೆ ಕಳಿಸಿ. ನೋಡ್ಲಿ."

ಕದೀಜಮ್ಮ ಒಳಗೆ ಬಂದು ಅವಳ ಕೈ ಎಳೆದು ಮೂಸಿ ನೋಡಿದಳು.

"ಇದು ತೆಂಗಿನೆಣ್ಣೆ ವಾಸನೆ."

"ನೆಲಕ್ಕೆ ಹಾಕುವ ಕಾವಿ, ಇತ್ತ."

"ನೆಲಕ್ಕೆ ಹಾಕುದನ್ನು ಬೆರಳಿಗೆ ಯಾಕೆ ಹಾಕಿದ್ದು ಮಾರಾಯ್ತಿ?"

ನೆಬೀಸ ಅವಳನ್ನು ಲೇತಿನ ಹತ್ತಿರ ಕರೆದೊಯ್ದಳು. ಹಲಗೆ ಮಗುಚಿದಳು, ಉಜ್ಜಿದಳು, ಎತ್ತಿದಳು. ಕಪ್ಪು ಕಬ್ಬಿಣದ ಮೇಲೆ ಕೆಂಪು ಚುಕ್ಕೆ ಎದ್ದಿತು. ಕದೀಜಮ್ಮ ಬಗ್ಗಿ ನೋಡಿದಳು. ಆಮೇಲೆ, "ಎಲ್ಲಿ, ನಾನೊಮ್ಮೆ ಸವರ್ತೇನೆ" ಎಂದಳು.

ಹೊರಗೆ ಬಂದಾಗ ಅವಳ ಐದು ಬೆರಳೂ ಕೆಂಪು. ಮೂಸಕುಂಞಿ ಕಣ್ಣರಳಿಸಿದ.

"ನಿನಗೂ ಹಾಕಿ ಕಳಿಸಿದ್ಳಾ?"

"ಹೌದು. ಬೀಫಾತುಮ್ಮನಿಗೆ ಹೇಳಿ ಬನ್ನಿ, ನನಗೂ ಮದುವೆ ಉಂಟು ಅಂತ."

ಮೂಸಕುಂಞಿ ನಗಲಿಲ್ಲ. ಆದರೆ ದನಿ ತಗ್ಗಿತು. "ಹೆಂಗಸು ಕೆರೆದ್ರೆ ಲೇತು ಆಗ್ತದಾ? ಇರ್ಲಿ. ಇದ್ದತ್ ಮುಗಿದ ಮೇಲೆ ಬೋಜಪ್ಪ ಬಂದು ಕಡೆದು ನೋಡ್ಲಿ. ನೇರ ಬಂದ್ರೆ ಇಟ್ಟುಕೋ, ಇದೇ ಮನೆಯಲ್ಲಿ ಇರು. ಇಲ್ಲಾಂದ್ರೆ ಹಕೀಮ್ ಗಾಡಿ ತರ್ತಾನೆ."

ಇದ್ದತ್ ಮುಗಿದ ಮರುದಿನವೇ ಬೋಜಪ್ಪ ಬಂದ. ಒಂದು ಸಲಾಕೆ ಸಿಕ್ಕಿಸಿ ತುಳಿಯತೊಡಗಿದ. ಕಬ್ಬಿಣ ಸುರುಳಿ ಸುರುಳಿಯಾಗಿ ಬಿತ್ತು. ನೆಬೀಸ ತಲೆಗೆ ಬಟ್ಟೆ ಹೊದ್ದು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬೋಜಪ್ಪ ಎರಡೂ ತುದಿ ಅಳೆದ. ಮತ್ತೊಮ್ಮೆ ಅಳೆದ.

"ಒಂದು ಕೂದಲು ಹೆಚ್ಚು ಕಮ್ಮಿ ಉಂಟು."

"ಹೆಂಗಸಿನ ಕೆಲಸ" ಎಂದ ಮೂಸಕುಂಞಿ.

"ಅಲ್ಲ ಮಾರಾಯ್ರೆ. ಆಚೆ ಬದಿ ಕನ್ನಡಿ ಹಾಗೆ ಉಂಟು. ಅದು ಅಕ್ಕ ಕೆರೆದದ್ದು. ದಪ್ಪ ಬಂದದ್ದು ಈಚೆ, ತಲೆಯ ಬದಿ. ಪೋಕರ್ ಒಂದೇ ಸುತ್ತು ಕೆರೆದು ಬಿಟ್ಟದ್ದು."

ನೆಬೀಸಳಿಗೆ ಅದು ಹೊಸ ಸುದ್ದಿಯಲ್ಲ. ಎರಡು ತಿಂಗಳ ಹಿಂದೆಯೇ ಹಲಗೆ ಇಟ್ಟು ನೋಡಿದ್ದಳು. ಪೋಕರನ ಪಾಲಿನಲ್ಲಿ ಕೆಂಪು ಚುಕ್ಕೆಯಾಗಿ ಬೀಳದೆ ದೊಡ್ಡ ದೊಡ್ಡ ಕಲೆಯಾಗಿ ಬಿದ್ದಿತ್ತು. ನೋಡಿ ಒರೆಸಿ ಸುಮ್ಮನಾಗಿದ್ದಳು. ಬೋಜಪ್ಪನ ಅಳತೆಗೆ ಅದು ಗೊತ್ತಾಗದೆ ಹೋದೀತು ಎಂದುಕೊಂಡಿದ್ದಳು. ಪೋಕರನ ಅಂಗಿ ಕದೀಜಮ್ಮ ಯಾರಿಗೋ ಕೊಟ್ಟಾಗಿತ್ತು. ಫೋಟೋ ತೆಗೆಸಿದ್ದಿಲ್ಲ. ಅವನ ಕೈ ಇನ್ನು ಕಾಣಬೇಕಾದರೆ ಈ ಎರಡೂವರೆ ಅಡಿ ಕಬ್ಬಿಣದಲ್ಲಿ ಮಾತ್ರ.

"ಹಕೀಮ್ ಯಾವಾಗ ಬರುದು ಕಾಕ?"

"ಶುಕ್ರವಾರ ನಮಾಜ್ ಆಗಿ."

"ಬರ್ಲಿ. ಅದಕ್ಕೆ ಮೊದಲು ಬೋಜಪ್ಪಣ್ಣ ಇನ್ನೊಮ್ಮೆ ನೋಡ್ಲಿ."

ಅವರು ಹೋದ ಮೇಲೆ ಅವಳು ಗಂಡನ ಗುರುತುಗಳ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಒರಟು. ಆಮೇಲೆ ಹಲಗೆಗೆ ಕಾವಿ ಸವರಿ ಮಗುಚಿದಳು. ಕೆಂಪು ಹತ್ತಿದಲ್ಲಿ ಉಳಿ ಇಟ್ಟು ಒತ್ತಿದಳು. ಮೊದಲ ಪರೆ ಹೋಯಿತು. ಅವಳು ಅತ್ತಳು, ಕೈ ನಿಲ್ಲಿಸಲಿಲ್ಲ. ಗುರುವಾರ ಸಂಜೆಗೆ ಅಲ್ಲಿ ಅವನದು ಯಾವುದು ತನ್ನದು ಯಾವುದು ಎಂದು ಅವಳಿಗೇ ತಿಳಿಯದಾಯಿತು.

ಶುಕ್ರವಾರ ಬೆಳಿಗ್ಗೆ ಬೋಜಪ್ಪ ಕಡೆದ. ಈ ತುದಿ ಅಳೆದ, ಆ ತುದಿ ಅಳೆದ. ಸಲಾಕೆಯನ್ನು ಮೂಸಕುಂಞಿಯ ಕೈಗೆ ಕೊಟ್ಟ. ಮೂಸಕುಂಞಿಗೆ ಅಳೆಯಲು ಬಾರದು. ಆದರೂ ಎರಡು ಬೆರಳಿನ ನಡುವೆ ಹಿಡಿದು ಉದ್ದಕ್ಕೂ ಎಳೆದು ನೋಡಿದ.

"ಹಕೀಮ್‌ಗೆ ಬರುದು ಬೇಡ ಅಂತ ನಾನೇ ಹೇಳ್ತೇನೆ" ಎಂದ.