ಬಾಟಲಿಯೊಳಗಿನ ಭಂಡಾರ

ಮೂರನೆಯ ಬಸಿರೂ ಮೂರು ತಿಂಗಳು ತುಂಬುವ ಮುಂಚೆಯೇ ಹೋಯಿತು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಗರ್ಭಚೀಲ ಸಾಫ್ ಮಾಡಿದ ಡಾಕ್ಟರಮ್ಮ ಈ ಸಲ ಬಂದದ್ದನ್ನು ಚೆಲ್ಲಲಿಲ್ಲ. ಲ್ಯಾಬಿಗೆ ಕಳಿಸಿದರೆ ದೋಷ ಕೂಸಿನಲ್ಲೇ ಇತ್ತೋ ಹೇಗೆ ಎಂಬುದು ತಿಳಿಯಬಹುದು ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು.

ನನಗೆ ಬೇಕಾಗಿದ್ದದ್ದು ಅದೊಂದೇ. ವಾಗದರಿಯ ನಮ್ಮ ಕಟ್ಟೆಗೆ ಬಂದು ಕೂತವರಿಗೆಲ್ಲ ಅತ್ತೆ ಹೇಳುತ್ತಿದ್ದ ಮಾತು ಒಂದೇ: "ಅಕೀ ಗರ್ಭಚೀಲನ ಬರೋಬ್ಬರ ಇಲ್ಲ." ಮೊದಲನೆಯದು ಹೋದಾಗ ನಾನು ಅತ್ತಿದ್ದಕ್ಕೆ, "ಇಷ್ಟ ರಕ್ತಕ್ಕ ಯಾಕ ಅಳ್ತಿ? ಅದೇನ ಕೂಸಾ?" ಎಂದು ಗದರಿದ್ದಳು.

ಉಪ್ಪುನೀರಿನ ಸಣ್ಣ ಬಾಟಲಿಯಲ್ಲಿ ತುಂಡುಗಳನ್ನು ಹಾಕಿ, ಮುಚ್ಚಳ ತೆಗೆಯಬೇಡಿ ಎಂದು ನರ್ಸ್ ನನ್ನ ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ತಾಯಿಗೆ ಕೊಟ್ಟು ರಿಕ್ಷಾ ತರಲು ಹೋದ. ಇಬ್ಬರೂ ಲ್ಯಾಬಿಗೆ ಹೋಗಿ, ಸ್ವಲ್ಪ ಹೊತ್ತಿಗೇ ತಿರುಗಿ ಬಂದರು. ಗಂಡನ ಮುಖ ಇಳಿದಿತ್ತು. ಬಾಟಲಿಯ ನೀರು ಹಳದಿಯಾಗಿತ್ತಂತೆ. ಜೀವಕೋಶ ಬೆಳೆಸಿ ನೋಡುವ ಪರೀಕ್ಷೆ, ಹೊರಗಿನದು ಬೆರೆತರೆ ನಡೆಯುವುದಿಲ್ಲ ಎಂದು ಲ್ಯಾಬಿನವರು ತೆಗೆದುಕೊಳ್ಳಲಿಲ್ಲವಂತೆ.

ಅತ್ತೆ ಸೊಂಟದ ಸಂಚಿಯಲ್ಲಿ ಯಾವಾಗಲೂ ಮನೆದೇವರು ಬೀರಪ್ಪನ ಭಂಡಾರ ಇಟ್ಟುಕೊಂಡಿರುತ್ತಾಳೆ. ಮಗ ರಿಕ್ಷಾ ತರಲು ಹೋದಾಗ ಬಾಟಲಿಯ ಮುಚ್ಚಳ ತೆಗೆದು, ಆ ಅರಿಶಿನದ ಪುಡಿಯಲ್ಲೇ ಒಂದು ಚಿಟಿಕೆ ಹಾಕಿದ್ದಳು.

"ಯಾಕ ಹಾಕಿದ್ರಿ ಅತ್ತಿ?" ಎಂದೆ, ಮಲಗಿದಲ್ಲಿಂದಲೇ.

"ನಮ್ಮ ಮನ್ಯಾಗ ಯಾರ ಹೋದ್ರೂ ಭಂಡಾರ ಹಾಕೇ ಕಳಸ್ತೀವಿ. ಅದನ್ನ ಹಂಗ ಹೆಂಗ ಕಳಸೂದವಾ? ಅದೂ ನಮ್ಮ ಮನೀ ಕೂಸ ಅಲ್ಲ?"

ಎರಡು ಸಲ ಇವಳಿಗೆ ಬರೀ ರಕ್ತವಾಗಿದ್ದದ್ದು, ಪರೀಕ್ಷೆಗಾಗಿ ಬರೀ ಮಾಂಸದ ತುಂಡಾಗಿ ಉಳಿಯಬೇಕಾದ ದಿನವೇ ಕೂಸಾಯಿತು. ಅವಳ ಕಣ್ಣಲ್ಲಿ ನೀರಿತ್ತು. ಅದಕ್ಕೇ ನನಗೆ ಬಯ್ಯಲೂ ಆಗಲಿಲ್ಲ.

ಊರಿಗೆ ಬಂದ ಮೇಲೆ ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಕಟ್ಟೆಯ ಮೇಲೆ ಅತ್ತೆ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: "ಲ್ಯಾಬಿನವ್ರಿಗೂ ತಿಳೀಲಿಲ್ಲಂತ. ಅಕೀ ಗರ್ಭಚೀಲದಾಗನ ಏನರೆ ಇರಬೇಕ." ನನ್ನ ಗಂಡ ಅಲ್ಲೇ ಊಟಕ್ಕೆ ಕೂತಿದ್ದ. ಇನ್ನೊಂದು ರೊಟ್ಟಿ ಕೇಳಿದ, ಅಷ್ಟೇ.

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. "ಬಾಟಲ್ಯಾಗ ಏನ ಹಾಕಿದ್ರಿ ಅದೂ ಹೇಳ್ರಿ," ಎಂದೆ. ಪಕ್ಕದವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ದೇವರ ಭಂಡಾರದಿಂದ ಏನ ಕೆಡತದ ತಂಗಿ?"

ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಮೆತ್ತಗೆ, ಮುಂದಿನ ಸಲ ಸರಿಯಾಗಿ ಪರೀಕ್ಷೆ ಮಾಡಿಸೋಣ ಎಂದರು. ನಾನೂ ತಲೆಯಾಡಿಸಿ ಎದ್ದು ಬಂದೆ. ಅಕ್ಕಲಕೋಟೆಯ ಬಸ್ಸಿನಲ್ಲಿ ಕೂತ ಮೇಲೆ ಆ ಮಾತಿನ ಅರ್ಥ ತಲೆಗೆ ಹೋಯಿತು. ನನ್ನ ತಪ್ಪಿಲ್ಲವೆಂದು ತಿಳಿಯಬೇಕಾದರೆ ನನ್ನ ಇನ್ನೊಂದು ಬಸಿರೂ ಹೋಗಬೇಕು.