ಒಂದು ದಿನವೂ ತಪ್ಪಿಸದ ಮಗಳ ಅಪ್ಪ

ನನ್ನಣ್ಣನದು ಕಟಿಂಗ್ ಶಾಪ್. ಬೇರೆಯವರು ನಟನಟಿಯರ ಚಿತ್ರ ಅಂಟಿಸುವ ಜಾಗದಲ್ಲಿ ಇವನು ಮಗಳ ಶಾಲೆಯ ಪ್ರಶಸ್ತಿಪತ್ರಗಳಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದಾನೆ. ಓದಿಗೆ ಬಂದವಲ್ಲ, ಆಟಕ್ಕೂ ಅಲ್ಲ. ವರ್ಷವಿಡೀ ಒಂದು ದಿನವೂ ತಪ್ಪಿಸದೆ ಹಾಜರಾದದ್ದಕ್ಕೆ. ಬಂದು ಕೂತದ್ದಕ್ಕೂ ಬಹುಮಾನ ಕೊಡುತ್ತಾರಂತೆ, ಪುಣ್ಯಾತ್ಮರು! ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿ ಎದ್ದು ಓಡುವಂತೆಯೂ ಇಲ್ಲ, ಪಾಪ. ಇವನ ಪುರಾಣ ಪೂರ್ತಿ ಕೇಳಿಯೇ ಏಳಬೇಕು.

ಬೇರೆಯವರ ಮಕ್ಕಳು ಶಾಲೆಗೆ ತಡವಾದರೂ ಇವನಿಗೆ ಹೊಟ್ಟೆನೋವು. ಪಕ್ಕದ ಮನೆಯ ದರ್ಜಿ ಜ್ವರ ಬಂದ ಮಗನನ್ನು ಮನೆಯಲ್ಲೇ ಮಲಗಿಸಿದ್ದಕ್ಕೆ ಅವನ ಬಾಗಿಲಿಗೇ ಹೋಗಿ, "ನಿಯಮ ಅಂದ್ರೆ ನಿಯಮ ಕಣಯ್ಯ. ಮೈ ಬೆಚ್ಚಗಿದ್ರೆ ಬೆಂಚು ಬೇಡ ಅನ್ನುತ್ತಾ?" ಎಂದು ಉಪದೇಶ ಮಾಡಿ ಬಂದ. ನಾಚಿಕೆ ಅನ್ನುವುದು ಇವನ ಹತ್ತಿರವೂ ಸುಳಿದಿಲ್ಲ. ಇವನ ಮಗಳಂತೂ ಕೆಮ್ಮುತ್ತ, ಕುಂಟುತ್ತ ಶಾಲೆಗೆ ಹೋದವಳೇ.

ಅತ್ತಿಗೆ ತೀರಿಕೊಂಡ ಮೇಲೆ ಆ ಮಗುವನ್ನು ಸಾಕಿದ್ದು ನಮ್ಮಮ್ಮ. ಜಡೆ ಹಾಕಿದ್ದು, ಊಟದ ಡಬ್ಬಿ ಕಟ್ಟಿದ್ದು, ರಾತ್ರಿ ಮಗ್ಗುಲಲ್ಲಿ ಮಲಗಿಸಿಕೊಂಡದ್ದು ಎಲ್ಲ ಅವಳೇ. ಈ ಸಲ ಶಾಲೆಯ ವರ್ಷ ಮುಗಿಯಲು ಬಂದಾಗ ಅಮ್ಮ ಆಸ್ಪತ್ರೆ ಸೇರಿದಳು. ಒಂದು ಬೆಳಿಗ್ಗೆ ಡಾಕ್ಟರು ನನ್ನನ್ನು ಹೊರಗೆ ಕರೆದು, ನೋಡುವವರೆಲ್ಲ ಈಗಲೇ ಬಂದು ನೋಡಿಬಿಡಲಿ ಅಂದರು. ಅಮ್ಮನಿಗೆ ಬೇಕಾಗಿದ್ದವಳು ಒಬ್ಬಳೇ.

"ಪುಟ್ಟಿ ಎಲ್ಲೇ? ಒಂದ್ಸಲ ಕರ್ಕೊಂಡು ಬಾರೇ," ಅಂದಳು.

ಎದ್ದೆನೋ ಬಿದ್ದೆನೋ ಅಂತ ಶಾಲೆಗೆ ಓಡಿದೆ. "ತಂದೆ ಹೇಳದೆ ಮಗು ಬಿಡೋಹಾಗಿಲ್ಲಮ್ಮ," ಅಂದ ಗೇಟಿನವನು. ಅವನದೇನೂ ತಪ್ಪಿಲ್ಲ. ಅಲ್ಲಿಂದಲೇ ಅಣ್ಣನ ಅಂಗಡಿಗೆ ಫೋನು ಮಾಡಿದೆ.

"ಈಗ ಕರ್ಕೊಂಡು ಹೋದ್ರೆ ಗೈರುಹಾಜರಿ ಬೀಳುತ್ತೆ ಕಣೇ," ಅಂದ. "ವರ್ಷ ಪೂರ್ತಿ ಹೋಗಿದ್ದೆಲ್ಲ ಮಣ್ಣುಪಾಲಾಗುತ್ತೆ. ಸಂಜೆ ಬೆಲ್ ಹೊಡೆದ ತಕ್ಷಣ ನಾನೇ ಕರ್ಕೊಂಡು ಬರ್ತೀನಿ."

"ಅಮ್ಮ ಸಂಜೆವರೆಗೂ ಇರ್ತಾಳೆ ಅಂತ ನಿಂಗ್ಯಾರೋ ಬರ್ಕೊಟ್ರು?"

"ನಿಂದು ಯಾವಾಗ್ಲೂ ಇದೇ ಗಾಬರಿ. ಅಲ್ಲಿ ರಂಪ ಮಾಡ್ಬೇಡ, ನಮ್ಮ ಹೆಸರು ಕೆಡುತ್ತೆ," ಎಂದು ಫೋನು ಇಟ್ಟೇಬಿಟ್ಟ. ಹೆಸರಂತೆ, ಹೆಸರು! ತಂದೆಯೇ ಬೇಡ ಅಂದ ಮೇಲೆ ಹೆಡ್ ಮೇಡಮ್ಮೂ ಬಿಡುವುದಿಲ್ಲ ಅಂದ ಗೇಟಿನವನು. ಅಮ್ಮನ ಹತ್ತಿರ ಬೇರೆ ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಅಣ್ಣನಿಗೆ ಬಾಯಿಗೆ ಬಂದಂತೆ ಬೈಯುತ್ತ ವಾಪಸ್ ಬಂದೆ.

ಅಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಯಾರ ಹೆಜ್ಜೆ ಸದ್ದಾದರೂ "ಬಂದ್ಲಾ?" ಅನ್ನುತ್ತಿದ್ದಳು. ಮಧ್ಯಾಹ್ನ ಕೇಳುವುದು ನಿಂತಿತು. ಸಂಜೆ ಅಣ್ಣ ಮಗಳ ಕೈ ಹಿಡಿದು ಬಂದಾಗ ಅಮ್ಮನ ಮುಖಕ್ಕೆ ಬಟ್ಟೆ ಮುಚ್ಚಿಯಾಗಿತ್ತು. ಮಗು ಬೆನ್ನಿನ ಚೀಲವನ್ನೂ ಇಳಿಸದೆ ನಿಂತೇ ಇತ್ತು.

ಮಾರನೆಯ ದಿನ ಶಾಲೆಯ ಮುಖ್ಯೋಪಾಧ್ಯಾಯಿನಿ ವಿಚಾರ ತಿಳಿದು ಮನೆಗೆ ಬಂದರು. ಅಣ್ಣ ಕಣ್ಣೊರೆಸಿಕೊಂಡು, ಆ ಹೊತ್ತಿನಲ್ಲೂ, "ಮೇಡಂ, ಇವತ್ತು ಮಗು ಬರ್ಲಿಲ್ಲ, ಬಹುಮಾನ..." ಎಂದು ರಾಗ ಎಳೆದ.

"ಅದಕ್ಕೇನೂ ಆಗಲ್ಲ," ಅಂದರು ಅವರು. "ಮನೇಲಿ ಸಾವು, ದೊಡ್ಡ ಕಾಯಿಲೆ ಅಂದ್ರೆ ನಾವು ಗೈರುಹಾಜರಿ ಹಾಕೋದೇ ಇಲ್ವಲ್ಲ. ಪೋಷಕರ ಪ್ರತಿ ಸಭೇಲೂ ಹೇಳ್ತೀವಿ. ನಿನ್ನೆ ನೀವೊಂದು ಮಾತು ಅಂದಿದ್ರೆ ನಾನೇ ಮಗೂನ ಕಳಿಸ್ತಿದ್ದೆ."

ಅಮ್ಮನ ಮಂಚದ ಮೇಲೆ ಮುದುಡಿಕೊಂಡಿದ್ದ ಮಗು ತಲೆಯೆತ್ತಿತು.

"ಅಪ್ಪಾ, ನೀನು ಕೇಳ್ಲೇ ಇಲ್ವಾ?"

ಅಣ್ಣ ಮೇಡಂ ಮುಖ ನೋಡಿದ, ನನ್ನ ಮುಖ ನೋಡಿದ. ಮಗಳ ಕಡೆ ಮಾತ್ರ ತಿರುಗಲಿಲ್ಲ. ಮಗು ಮಂಚದಿಂದ ಇಳಿದು ಬಂದು, ಅವನ ಮುಂದೆ ನಿಂತು, ಇನ್ನೊಂದು ಸಲ ಕೇಳಿತು.