ಜೊತೆಗೆ ಬಂದ ನರ್ಸಮ್ಮ

ಹಂದನಕೆರೆ ಕಡೆಯ ನಮ್ಮ ಹಟ್ಟಿಗೆ ಬರುತ್ತಿದ್ದ ನರ್ಸಮ್ಮ, ಬಸುರು ತೆಗೆಸಬೇಕೆಂದವರಿಗೆಲ್ಲ ಕೈಮುಗಿದು, "ದೇವ್ರು ಕೊಟ್ಟ ಜೀವ ಕಣವ್ವ" ಎನ್ನುತ್ತಿದ್ದರು.

ನನಗೆ ಐದು ತಿಂಗಳಾದಾಗ, ಮಗುವಿಗೆ ತಲೆಬುರುಡೆಯೇ ಬೆಳೆದಿಲ್ಲ, ಹುಟ್ಟಿದರೂ ಬದುಕುವುದಿಲ್ಲ ಎಂದು ಸ್ಕ್ಯಾನಿಂಗ್‌ನಲ್ಲಿ ತಿಳಿಯಿತು. ತೆಗೆಸಲು ಕಾನೂನು ಒಪ್ಪುತ್ತದೆ ಎಂದರು ಡಾಕ್ಟರು. ಅತ್ತೆ ಮಾತ್ರ, "ಮನೆದೇವ್ರು ಮೆಚ್ಚಲ್ಲ" ಎಂದು ಅತ್ತರು.

ನರ್ಸಮ್ಮನೂ ಬೇಡವೆನ್ನುತ್ತಾರೆ ಅಂದುಕೊಂಡಿದ್ದೆ. ಅವರು ಅತ್ತೆಯ ಪಕ್ಕ ಕೂತು, "ನಾನೂ ದೇವ್ರಿಗೆ ಹೆದರೋಳೇ ಕಣಮ್ಮ. ಆದ್ರೆ ಈ ಹುಡುಗಿ ಇನ್ನೂ ನಾಕ್ ತಿಂಗ್ಳು ಹಿಂಗೇ ಸಂಕಟ ಪಡ್ಲಿ ಅಂತ ಅವ್ನು ಹೇಳಲ್ಲ. ಪಾಪ ಬಂದ್ರೆ ನಂಗ್ ಬರ್ಲಿ ಬುಡು" ಎಂದರು. ಅತ್ತೆ ಕಣ್ಣೊರೆಸಿಕೊಂಡು ತಲೆಯಾಡಿಸಿದರು.

ತಿಪಟೂರಿನ ಆಸ್ಪತ್ರೆಗೆ ನರ್ಸಮ್ಮನೇ ಕರೆದೊಯ್ದರು. ಎಲ್ಲ ಮುಗಿದ ಮೇಲೆ, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ನನ್ನ ತೋಳಲ್ಲಿಟ್ಟು, "ಹೆಣ್ಮಗು ಕಣವ್ವ. ಪಾದ ನೋಡು, ನಿನ್ ತರಾನೇ ಅವೆ" ಎಂದರು.